ಮಾರಿಬೇನೆಯೂ ವಿದ್ಯಾರ್ಥಿಗಳ ಮನಸ್ಸೂ

೧

ದೇಶದ ಚರಿತ್ರೆಯನ್ನು ಬರೆಯತಕ್ಕವರು ಪಟ್ಟಾಭಿಷೇಕಗಳನ್ನೂ ಯುದ್ಧಗಳನ್ನೂ ಒಪ್ಪಂದಗಳನ್ನೂ ಎಣಿಸಿಡುವಷ್ಟು ಶ್ರದ್ಧೆಯಿಂದ ಮಾರಿಬೇನೆಗಳನ್ನು ಎಣಿಸಿಡುವುದು ಅಪೂರ್ವ. ಎಣಿಸಿದರೂ ಸತ್ತವರ ಲೆಕ್ಕವೊಂದು ಉಳಿಯುವುದೇ ಹೊರತು, ಬದುಕಿ ಉಳಿದವರು ಆ ದಿನಗಳನ್ನು ಯಾವ ಮನಸ್ಸಿನಿಂದ ಕಳೆದರೆಂಬುದು ಉಳಿಯುವುದಿಲ್ಲ. ಅವರಲ್ಲಿಯೂ ಕಾಲೇಜಿನ ವಿದ್ಯಾರ್ಥಿಗಳ ಪಾಡು ಎಲ್ಲಕ್ಕಿಂತ ಬೇಗನೆ ಮರೆತುಹೋಗತಕ್ಕುದು. ಅವರು ತಾಯಿಯ ಮಡಿಲಿನ ಮಕ್ಕಳೂ ಅಲ್ಲ, ಸಂಸಾರದ ಭಾರವನ್ನು ಹೊತ್ತ ಯಜಮಾನರೂ ಅಲ್ಲ. ೨೦೨೦ನೆಯ ಇಸವಿಯಲ್ಲಿ ಬಂದ ಕೊರೋನಾ ರೋಗವು ಮುದುಕರನ್ನು ಕೊಂದಷ್ಟು ತರುಣರನ್ನು ಕೊಲ್ಲಲಿಲ್ಲವಾದುದರಿಂದ, ತರುಣರಿಗೆ ಹೇಳಿಕೊಳ್ಳುವಂತಹ ಕಷ್ಟವೇನೂ ಇರಲಿಲ್ಲವೆಂದು ಹಿರಿಯರು ಭಾವಿಸುವುದೂ ಸುಲಭವಾಯಿತು.

ಆದರೆ ರೋಗದ ಚರಿತ್ರೆ ಬೇರೆ, ಭಯದ ಚರಿತ್ರೆ ಬೇರೆ. ಇವೆರಡೂ ಒಂದೇ ದಾರಿಯಲ್ಲಿ ಒಂದೇ ವೇಗದಿಂದ ನಡೆಯುವುದಿಲ್ಲ. ಈ ಮಾತಿಗೆ ಚಾಮರಾಜನಗರದ ಸೀಮೆಗಿಂತ ಸ್ಪಷ್ಟವಾದ ನಿದರ್ಶನ ಕರ್ಣಾಟಕದಲ್ಲಿ ದೊರೆಯುವುದು ಕಷ್ಟ. ಅಲ್ಲಿಗೆ ಭಯವು ಮೊದಲು ಬಂದಿತು. ರೋಗವು ಮೂರು ತಿಂಗಳು ತಡೆದು ಬಂದಿತು.

೨

ಹಿಂದೆ ಅರಿಕುಠಾರವೆಂದು ಹೆಸರಾಗಿದ್ದು, ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟ ಚಾಮರಾಜನಗರವು, ೧೯೯೭ರವರೆಗೂ ಮೈಸೂರು ಜಿಲ್ಲೆಗೆ ಸೇರಿದ್ದು ಆಮೇಲೆ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ಈ ಜಿಲ್ಲೆಯು ಎರಡು ರಾಜ್ಯಗಳ ಗಡಿಯನ್ನು ಮುಟ್ಟಿಕೊಂಡಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಮೂಲೆಹೊಳೆಯ ಮೇಲೆ ಹೋದರೆ ಕೇರಳದ ವಯನಾಡು. ಚಾಮರಾಜನಗರದಿಂದ ಪುಣಜನೂರನ್ನು ದಾಟಿದರೆ ತಮಿಳುನಾಡಿನ ಈರೋಡು ಜಿಲ್ಲೆ. ಅರಿಸಿನ, ಬಾಳೆ, ಚೆಂಡುಹೂ, ಸಣ್ಣ ಈರುಳ್ಳಿ ಮೊದಲಾದುವು ಈ ದಾರಿಗಳಲ್ಲಿಯೇ ಹೊರಗೆ ಹೋಗುತ್ತವೆ.

ಇಂತಹ ಸೀಮೆಯ ಉಡಿಗಾಲದಂತಹ ಊರುಗಳಿಂದ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಬೆಳಗ್ಗೆ ಬಸ್ಸು ಹತ್ತಿ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಿ ಸಂಜೆಗೆ ಹಿಂದಿರುಗುವರು. ಅನುಕೂಲವುಳ್ಳವರು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಹಾಸ್ಟೆಲುಗಳಲ್ಲಿ ಇದ್ದು ಓದುವರು. ಚಾಮರಾಜನಗರದಲ್ಲಿ ಸರ್ಕಾರದ ಎಂಜಿನಿಯರಿಂಗ್ ಕಾಲೇಜು ೨೦೦೭ರಲ್ಲಿಯೂ ವೈದ್ಯಕೀಯ ಕಾಲೇಜು ೨೦೧೬ರಲ್ಲಿಯೂ ಪ್ರಾರಂಭವಾದುವು. ಅನೇಕ ಮನೆತನಗಳಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಇವರೇ ಮೊದಲಿಗರು. ಆದುದರಿಂದ ಇಂತಹವರ ವಿದ್ಯೆಯು ಒಬ್ಬರ ಸ್ವಂತ ವಿಷಯವಲ್ಲ. ಇಡೀ ಮನೆಯವರು ಕೂಡಿ ಇಟ್ಟ ಬಂಡವಾಳ. ಅದು ನಿಂತರೆ ಮನೆಯ ಆಸೆಯೇ ನಿಂತಂತೆ.

೩

೨೦೨೦ರ ಜನವರಿ ೩೦ರಂದು ಭಾರತದಲ್ಲಿ ಈ ರೋಗವು ಮೊಟ್ಟಮೊದಲು ಕಾಣಿಸಿಕೊಂಡುದು ಕೇರಳದಲ್ಲಿ. ರೋಗಕ್ಕೆ ಗುರಿಯಾದವರು ಚೀನಾದೇಶದ ವೂಹಾನ್ ನಗರದಲ್ಲಿ ವೈದ್ಯ ವಿದ್ಯೆಯನ್ನು ಕಲಿಯುತ್ತಿದ್ದು ಊರಿಗೆ ಹಿಂದಿರುಗಿದ ಒಬ್ಬ ವಿದ್ಯಾರ್ಥಿನಿ. ಮಾರ್ಚ್ ೧೦ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಈ ರೋಗದಿಂದಾದ ಮೊದಲನೆಯ ಸಾವು ಅದು. ಮರುದಿನ ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನು ಜಗತ್ತಿಗೆ ಹಬ್ಬಿದ ಮಹಾಮಾರಿಯೆಂದು ಸಾರಿದರು. ಮಾರ್ಚ್ ೧೪ರಿಂದ ಕರ್ಣಾಟಕದ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ಮುಚ್ಚಿದುವು. ಒಂದು ವಾರವೆಂದು ಹೇಳಿದ ರಜವು ತಿಂಗಳುಗಳವರೆಗೆ ಬೆಳೆಯಿತು. ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಮೈಸೂರು, ಬೆಂಗಳೂರುಗಳಿಂದ ವಿದ್ಯಾರ್ಥಿಗಳು ಪುಸ್ತಕಗಳನ್ನು ಕೋಣೆಯಲ್ಲಿಯೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಹಳ್ಳಿಗಳಿಗೆ ಬಂದರು. ಆಗ ನಡೆದ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕರ್ಣಾಟಕದ ಎಷ್ಟೋ ಹಳ್ಳಿಗಳವರು ಊರ ಬಾಗಿಲಿಗೆ ಮುಳ್ಳನ್ನೂ ಕಲ್ಲನ್ನೂ ಅಡ್ಡಹಾಕಿ ಪರಸ್ಥಳದವರನ್ನು ತಡೆದರು. ಪಟ್ಟಣದಿಂದ ಬಂದವರೆಲ್ಲರನ್ನೂ ರೋಗವನ್ನು ಹೊತ್ತು ತಂದವರಂತೆ ನೋಡಿದರು. ಓದಿ ದೊಡ್ಡವನಾಗಲೆಂದು ಊರೇ ಹರಸಿ ಕಳುಹಿಸಿದ್ದ ಹುಡುಗನು ಹಿಂದಿರುಗಿದಾಗ ಜಗಲಿಯ ಮೇಲೆ ಕುಳಿತಿದ್ದವರು ಎದ್ದುಹೋಗುವ ಕಾಲ ಬಂದಿತು. ತಾನು ಭಯಪಡುತ್ತಿರುವವನು ಇತರರಿಗೆ ತಾನೇ ಭಯವಾಗುವುದು ಬಹು ವಿಚಿತ್ರವಾದ ಸಂಕಟ. ಮನೆಯೊಳಗೆ ಅದು ಇನ್ನೂ ಸೂಕ್ಷ್ಮವಾಗಿತ್ತು. ತನಗೆ ಏನಾದರೂ ಆದೀತೆಂಬುದಕ್ಕಿಂತ, ತನ್ನಿಂದ ಅಜ್ಜಿಗೋ ತಾತನಿಗೋ ಏನಾದರೂ ಆದೀತೆಂಬ ಅಂಜಿಕೆ ತರುಣರನ್ನು ಹೆಚ್ಚಾಗಿ ಕಾಡಿತು. ಒಂದು ಕೆಮ್ಮು ಬಂದರೆ ಬಾಯಿಗೆ ಬಟ್ಟೆಯನ್ನು ಒತ್ತಿಕೊಂಡು ಹಿತ್ತಲಿಗೆ ಹೋಗುವ ದಿನಗಳು ಅವು.

ಇಷ್ಟೆಲ್ಲ ನಡೆಯುತ್ತಿದ್ದಾಗ ಚಾಮರಾಜನಗರ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಸುತ್ತಲೂ ರೋಗವಿದ್ದಿತು. ನೆರೆಯ ನಂಜನಗೂಡಿನಲ್ಲಿ ಔಷಧದ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಅದು ಹಬ್ಬಿ ಮೈಸೂರು ಜಿಲ್ಲೆಯನ್ನು ನಡುಗಿಸಿದ್ದಿತು. ಆದರೂ ಈ ಜಿಲ್ಲೆಯು ಹಸಿರು ವಲಯವೆಂದು ಹೆಸರು ಪಡೆದು ಜೂನ್ ತಿಂಗಳಿನವರೆಗೆ ರೋಗವಿಲ್ಲದೆ ಉಳಿಯಿತು. ಕೊನೆಗೆ ಜೂನ್ ೯ರ ಹೊತ್ತಿಗೆ, ಮುಂಬಯಿಯಿಂದ ಹನೂರು ತಾಲ್ಲೂಕಿಗೆ ಬಂದಿದ್ದ ಒಬ್ಬರಲ್ಲಿ ರೋಗವು ಕಂಡಿತು. ಅವರೂ ವೈದ್ಯ ವಿದ್ಯಾರ್ಥಿಯೇ. ದೇಶಕ್ಕೂ ಈ ಜಿಲ್ಲೆಗೂ ಮೊದಲನೆಯ ರೋಗಿಯಾಗಿ ಲೆಕ್ಕಕ್ಕೆ ಸಿಕ್ಕಿದವರು ವಿದ್ಯಾರ್ಥಿಗಳಾದುದು ಆಕಸ್ಮಿಕವೆಂದು ತಳ್ಳಿಬಿಡತಕ್ಕುದಲ್ಲ. ವಿದ್ಯೆಗಾಗಿ ದೂರ ಹೋಗುವವನು ವಿದ್ಯಾರ್ಥಿ. ಆಪತ್ತು ಬಂದಾಗ ಮನೆಯನ್ನು ನೆನೆದು ಹಿಂದಿರುಗುವವನೂ ಅವನೇ. ಆದುದರಿಂದಲೇ ಜನರ ಬೆರಳು ಅವನ ಕಡೆಗೆ ತಿರುಗಿತು.

೪

ಈ ಸೀಮೆಗೆ ಇದು ಹೊಸ ಅನುಭವವಲ್ಲ. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ರೋಗವು ರೈಲಿನ ದಾರಿಯನ್ನು ಹಿಡಿದು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ೧೮೯೧ರಲ್ಲಿ ೭೪,೦೪೮ ಇದ್ದ ಮೈಸೂರು ನಗರದ ಜನಸಂಖ್ಯೆಯು ೧೯೦೧ರ ಖಾನೇಷುಮಾರಿಯಲ್ಲಿ ೬೮,೧೧೧ಕ್ಕೆ ಇಳಿಯಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಮನೆಯನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಆಗ ಕ್ಷೇಮವು ಊರ ಹೊರಗೆ ಇದ್ದಿತು; ೨೦೨೦ರಲ್ಲಿ ಮನೆಯ ಒಳಗೆ ಇದ್ದಿತು.

ಪ್ಲೇಗಿನ ಕಾಲದಲ್ಲಿ ಸರ್ಕಾರದವರು ಮನೆಗಳನ್ನು ಶೋಧಿಸಿ, ರೋಗಿಗಳನ್ನು ಬೇರ್ಪಡಿಸಿ, ಅವರ ಸಂಬಂಧಿಕರನ್ನು ಶಿಬಿರಗಳಿಗೆ ಕಳುಹಿಸಿದರು. ಉದ್ದೇಶವು ಒಳ್ಳೆಯದಾಗಿದ್ದರೂ, ಏತಕ್ಕಾಗಿ ಹೀಗೆ ಮಾಡುತ್ತಾರೆಂಬುದು ಜನರಿಗೆ ತಿಳಿಯಲಿಲ್ಲ. ತಿಳಿಯದಿದ್ದುದರಿಂದ ಭಯವು ರೋಷವಾಗಿ, ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ಅಧಿಕಾರಿಗಳ ಮೇಲೆ ದಂಗೆಯೆದ್ದರು. ಬಲಾತ್ಕಾರದಿಂದ ರೋಗಿಯನ್ನು ಕದಲಿಸಬಹುದು, ಭಯವನ್ನು ಕದಲಿಸಲಾಗುವುದಿಲ್ಲವೆಂಬುದು ಆ ವರ್ಷದ ಪಾಠ.

ಇಪ್ಪತ್ತು ವರ್ಷಗಳ ಮೇಲೆ, ೧೯೧೮ರಲ್ಲಿ, ಇನ್‌ಫ್ಲುಯೆಂಜ ಜ್ವರವು ಬಂದಿತು. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರು ಸತ್ತರು. ಮೈಸೂರು ಸಂಸ್ಥಾನವೊಂದರಲ್ಲಿಯೇ ಎರಡು ಲಕ್ಷಕ್ಕೆ ಸಮೀಪವಾದ ಜನ ತೀರಿಕೊಂಡರೆಂದು ಅಂದಾಜು. ಆ ಜ್ವರದ ಗುಣವು ಕೊರೋನಾಕ್ಕೆ ವಿರುದ್ಧವಾಗಿದ್ದು, ಇಪ್ಪತ್ತರಿಂದ ನಲವತ್ತು ವಯಸ್ಸಿನವರನ್ನೇ ಹೆಚ್ಚಾಗಿ ಕೊಂದಿತು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಆಗ ಎರಡೇ ವರ್ಷಗಳಾಗಿದ್ದುವು. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಡವರಿಗೆ ಗಂಜಿಯನ್ನೂ ಔಷಧವನ್ನೂ ಹಂಚಿದರು. ಗುಜರಾತಿನ ಸೂರತ್ತಿನಲ್ಲಿ ಕಲ್ಯಾಣಜಿ ಮೆಹತಾ, ದಯಾಳಜಿ ದೇಸಾಯಿ ಇವರು ನಡೆಸುತ್ತಿದ್ದ ಆಶ್ರಮಗಳ ವಿದ್ಯಾರ್ಥಿಗಳು ಹಳ್ಳಿಗಳಿಗೆ ಔಷಧವನ್ನು ಒಯ್ದರು. ಆ ಹುಡುಗರಿಗೆ ಭಯವಿರಲಿಲ್ಲವೆಂದು ಹೇಳುವಂತಿಲ್ಲ. ಸಾಯುತ್ತಿದ್ದವರು ಅವರ ಓರಗೆಯವರೇ. ಆದರೆ ಅವರ ಕೈಗೆ ಒಂದು ಕೆಲಸವಿದ್ದಿತು. ಅವರು ಹೋದ ಮನೆಯಲ್ಲಿ ಅವರನ್ನು ಕಂಡು ಬಾಗಿಲು ಮುಚ್ಚುವವರಿರಲಿಲ್ಲ, ಬಾಗಿಲು ತೆರೆಯುವವರಿದ್ದರು.

೫

ಕೊರೋನಾ ಕಾಲದ ವಿದ್ಯಾರ್ಥಿಗೆ ಮೊದಲು ಇಲ್ಲದೆ ಹೋದುದು ಇದೇ, ಮಾಡತಕ್ಕ ಕೆಲಸ. ಅವನನ್ನು ಮನೆಯಲ್ಲಿ ಸುಮ್ಮನಿರುವಂತೆ ಹೇಳಿದರು. ಸುಮ್ಮನಿರುವುದು ಹಿರಿಯರಿಗೇ ಕಷ್ಟವಾಗಿರಲು, ಇಪ್ಪತ್ತು ವರ್ಷದವರಿಗೆ ಅದು ಎಷ್ಟು ದುಸ್ಸಾಧ್ಯವೆಂಬುದನ್ನು ಊಹಿಸಬಹುದು.

ಇದರ ಮೇಲೆ ಪರೀಕ್ಷೆಯ ಅನಿಶ್ಚಯವು ಸೇರಿತು. ಮಾರ್ಚ್ ೨೩ರಂದು ನಡೆಯಬೇಕಾಗಿದ್ದ ದ್ವಿತೀಯ ಪಿ.ಯು.ಸಿ. ಇಂಗ್ಲಿಷ್ ಪರೀಕ್ಷೆಯು ಜೂನ್ ೧೮ಕ್ಕೆ ಹೋಯಿತು. ಆ ಒಂದು ಪತ್ರಿಕೆಗಾಗಿ ಮಕ್ಕಳು ಸುಮಾರು ಮೂರು ತಿಂಗಳು ಓದಿದುದನ್ನೇ ಓದುತ್ತ ಕಾದರು. ಪದವಿಯ ಕೊನೆಯ ವರ್ಷದವರ ಪರೀಕ್ಷೆಯು ನಡೆಯುವುದೋ ಇಲ್ಲವೋ ಎಂಬ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಆಗಸ್ಟ್ ೨೮ರಂದು ನಡೆಸಲೇಬೇಕೆಂದು ತೀರ್ಮಾನವಾಯಿತು. ಕಷ್ಟವಾದ ಪರೀಕ್ಷೆಯನ್ನು ಮನಸ್ಸು ತಾಳಿಕೊಳ್ಳುತ್ತದೆ. ಯಾವಾಗ ಬರುವುದೆಂದು ತಿಳಿಯದ ಪರೀಕ್ಷೆಯನ್ನು ತಾಳಿಕೊಳ್ಳುವುದಿಲ್ಲ.

ಪಾಠವು ಮೊಬೈಲಿಗೆ ಬಂದಿತು. ಪಟ್ಟಣದ ಮನೆಗಳಲ್ಲಿ ಇದರಿಂದ ಅನುಕೂಲವಾದುದು ನಿಜ. ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕು ಸಿಕ್ಕುವ ದಿಬ್ಬವನ್ನು ಹುಡುಕಿಕೊಂಡು ಹೋಗಬೇಕಾಯಿತು. ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಹಾಡಿಗಳಲ್ಲಿ ಅದೂ ದುರ್ಲಭ. ಒಂದು ಮನೆಗೆ ಒಂದೇ ಮೊಬೈಲಿದ್ದರೆ ಅದು ಅಣ್ಣನಿಗೋ ತಂಗಿಗೋ ಎಂಬ ಪ್ರಶ್ನೆಯೂ ಹುಟ್ಟಿತು. ಅತ್ತ ಗಡಿಗಳು ಬಿಗಿಯಾಗಿ, ಬೆಳೆದ ಬಾಳೆಯೂ ಹೂವೂ ಮಾರುಕಟ್ಟೆಯನ್ನು ಸೇರದೆ, ಮುಂದಿನ ವರ್ಷದ ಫೀಜಿಗೆ ಹಣವೆಲ್ಲಿಯದೆಂದು ಮನೆಯವರು ಯೋಚಿಸುತ್ತಿದ್ದುದನ್ನು ಮಕ್ಕಳು ಗೋಡೆಯ ಈಚೆಯಿಂದ ಕೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಇದಕ್ಕಿಂತ ಬೇರೆಯಾದ ಒಂದು ಭಯವೂ ಇದ್ದಿತು. ಕಾಲೇಜು ಮುಚ್ಚಿದ ಕಾಲವು ಮದುವೆಯ ಮಾತಿಗೆ ಅನುಕೂಲವಾದ ಕಾಲ. ಕೆಲವೇ ಜನರ ಮುಂದೆ, ಸ್ವಲ್ಪ ವೆಚ್ಚದಲ್ಲಿ ಮದುವೆಯನ್ನು ಮುಗಿಸಬಹುದಾಗಿದ್ದಿತು. ಕಾಲೇಜಿನ ಬಾಗಿಲು ಮತ್ತೆ ತೆರೆಯುವ ದಿನ ತಾನು ಅದರೊಳಗೆ ಹೋಗುವೆನೋ ಇಲ್ಲವೋ ಎಂಬುದು ಎಷ್ಟೋ ಹುಡುಗಿಯರ ಮನಸ್ಸಿನ ಪ್ರಶ್ನೆ. ಅದನ್ನು ಅವರು ಯಾರೊಡನೆಯೂ ಬಾಯಿಬಿಟ್ಟು ಆಡುವಂತಿರಲಿಲ್ಲ.

ಇಂತಹ ಸಮಯದಲ್ಲಿ ವಿದ್ಯಾರ್ಥಿಗಳಿಗೆ ನ್ಯೂಟನ್ ಪಂಡಿತನ ಕಥೆಯನ್ನು ಹೇಳಿದವರು ಬಹಳ ಮಂದಿ. ೧೬೬೫ರಲ್ಲಿ ಪ್ಲೇಗಿನ ದೆಸೆಯಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಮುಚ್ಚಲು, ಆತನು ತನ್ನ ಹಳ್ಳಿಯಾದ ವುಲ್ಸ್‌ತೋರ್ಪಿಗೆ ಹೋಗಿ ಅಲ್ಲಿಯೇ ಗಣಿತದಲ್ಲಿಯೂ ಬೆಳಕಿನ ವಿಷಯದಲ್ಲಿಯೂ ಮಹತ್ತಾದ ಶೋಧನೆಗಳನ್ನು ಪ್ರಾರಂಭಿಸಿದುದು ನಿಜವೇ. ಆದರೆ ಆತನು ಬಿ.ಎ. ಪದವಿಯನ್ನು ಆಗಲೇ ಪಡೆದಿದ್ದನು. ತಾಯಿಗೆ ಸ್ಥಿತಿ ಇದ್ದಿತು. ಕುಳಿತು ಯೋಚಿಸಲು ತನ್ನದೆಂಬ ಕೋಣೆ ಇದ್ದಿತು. ಎರಡು ಅಂಕಣದ ಮನೆಯಲ್ಲಿ ಆರು ಜನರ ನಡುವೆ ಪಾಠ ಕೇಳುವವರಿಗೆ ಈ ಕಥೆಯು ಧೈರ್ಯವನ್ನು ಕೊಡುವುದಕ್ಕೆ ಬದಲಾಗಿ, ತಾವು ಏನನ್ನೂ ಸಾಧಿಸಲಿಲ್ಲವೆಂಬ ಹೊಸ ವ್ಯಥೆಯನ್ನೇ ಕೊಟ್ಟಿತು.

೬

ಹಾಗಾದರೆ ಅವರು ಆ ದಿನಗಳನ್ನು ದಾಟಿದುದು ಹೇಗೆ? ಉಪದೇಶದಿಂದಲ್ಲ. ಮೊದಲನೆಯದಾಗಿ, ಹೊಲದ ಕೆಲಸದಿಂದ. ಬೇಸಾಯದ ಮನೆಯ ಮಕ್ಕಳು ಬೆಳಗಿನ ಹೊತ್ತು ತಂದೆಯೊಡನೆ ಅರಿಸಿನದ ಹೊಲಕ್ಕೋ ಬಾಳೆಯ ತೋಟಕ್ಕೋ ಹೋದರು. ಕಾಲೇಜಿಗೆ ಸೇರಿದ ಮೇಲೆ ಮಣ್ಣನ್ನು ಮುಟ್ಟದಿದ್ದವರೂ ಆಗ ಗುದ್ದಲಿ ಹಿಡಿದರು. ಮೈ ದಣಿದವನಿಗೆ ರಾತ್ರಿ ನಿದ್ರೆ ಬರುತ್ತದೆ. ನಿದ್ರೆ ಬಂದವನಿಗೆ ಬೆಳಗ್ಗೆ ಭಯವು ಅರ್ಧವಾಗಿರುತ್ತದೆ. ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಒಂದೊಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕೆಂದೂ, ದಿನವೆಲ್ಲ ಸುದ್ದಿಯನ್ನೇ ನೋಡುತ್ತ ಕೂರಬಾರದೆಂದೂ ಮನೋವೈದ್ಯರು ಹೇಳಿದುದು ಇದನ್ನೇ. ಹೊಲವುಳ್ಳವರಿಗೆ ಹೊತ್ತುಗೊತ್ತನ್ನು ಹೊಲವೇ ಕಲಿಸಿತು.

ಎರಡನೆಯದು, ಇತರರಿಗೆ ಉಪಯೋಗವಾಗುವುದು. ಗಾಂಧಿಯವರ ಶತಮಾನೋತ್ಸವದ ವರ್ಷವಾದ ೧೯೬೯ರಲ್ಲಿ ಕಾಲೇಜುಗಳಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ನಾಡಿನ ನಾನಾ ಕಡೆಗಳಲ್ಲಿ ಮುಖಗವಸುಗಳನ್ನು ಹೊಲಿದು ಹಂಚಿದರು. ಓದುಬಲ್ಲ ಮಗನೋ ಮಗಳೋ ಇದ್ದ ಮನೆಯಲ್ಲಿ ಸರ್ಕಾರದ ಅರ್ಜಿಯನ್ನು ತುಂಬುವವರೂ, ಮುದುಕರ ಔಷಧವನ್ನು ತರಿಸುವವರೂ, ನೆರೆಯ ಮಕ್ಕಳಿಗೆ ಪಾಠ ಹೇಳುವವರೂ ಅವರೇ ಆದರು. ಕೆಲವೇ ವಾರಗಳ ಹಿಂದೆ ಯಾರನ್ನು ಕಂಡು ಜನರು ಜಗಲಿಯಿಂದ ಎದ್ದಿದ್ದರೋ ಅವರನ್ನೇ ಕೂಗಿ ಕರೆಯುವಂತಾಯಿತು. ಊರಿಗೆ ಬೇಡವಾದವನು ಊರಿಗೆ ಬೇಕಾದವನಾದುದೇ ಆ ತರುಣನಿಗೆ ದೊರೆತ ದೊಡ್ಡ ಮದ್ದು.

ಮೂರನೆಯದು, ನಿಜವಾದ ಮಾತು. ೨೦೨೦ರ ಫೆಬ್ರವರಿಯಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯವರು, ರೋಗದೊಡನೆ ಸುಳ್ಳುಸುದ್ದಿಯ ಮಾರಿಯೂ ಹಬ್ಬುತ್ತಿದೆಯೆಂದು ಎಚ್ಚರಿಸಿದ್ದರು. ಸಮಾಜದಿಂದ ದೂರವಿರಿ ಎಂಬ ಮಾತಿಗೆ ಬದಲಾಗಿ, ದೇಹಗಳ ನಡುವೆ ಮಾತ್ರ ಅಂತರವಿರಲಿ ಎಂದು ಅವರು ಮಾರ್ಚ್ ತಿಂಗಳಿನಲ್ಲಿ ಹೇಳಿದುದೂ ಸಣ್ಣ ವಿಷಯವಲ್ಲ. ಸ್ನೇಹಿತರ ದನಿಯನ್ನು ದಿನಕ್ಕೊಮ್ಮೆ ಕೇಳಿದವನು ಒಬ್ಬಂಟಿಯಾಗಿರಲಿಲ್ಲ.

೭

ಈ ಮೂರು ಆಧಾರಗಳಿಗೂ ಕಠಿಣವಾದ ಪರೀಕ್ಷೆಯು ಮರುವರ್ಷ ಬಂದಿತು. ೨೦೨೧ರ ಏಪ್ರಿಲಿನಲ್ಲಿ ರೋಗದ ಎರಡನೆಯ ಅಲೆ ಎದ್ದು, ಈ ಸಲ ಹಸಿರು ಜಿಲ್ಲೆಯೆಂಬ ರಕ್ಷೆಯು ಉಳಿಯಲಿಲ್ಲ. ಮೇ ೨ರ ರಾತ್ರಿಯಿಂದ ಮೇ ೩ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯುಂಟಾಯಿತು. ಒಂದು ದಿನದ ಅವಧಿಯೊಳಗೆ ೨೪ ಮಂದಿ ರೋಗಿಗಳು ತೀರಿಕೊಂಡರು. ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂದಿತು. ಉಚ್ಚ ನ್ಯಾಯಾಲಯದ ಮುಂದೆ ವರದಿಯನ್ನಿಟ್ಟ ಸಮಿತಿಯು ಆ ಮಾತನ್ನು ಒಪ್ಪಲಿಲ್ಲ. ಆ ರಾತ್ರಿಯ ಸುದ್ದಿಯು ಜಿಲ್ಲೆಯ ಪ್ರತಿ ಮನೆಯನ್ನೂ ಮುಟ್ಟಿತು. ಸತ್ತವರ ಸಂಖ್ಯೆಯೇ ಖಚಿತವಿಲ್ಲವೆಂದಾಗ ಯಾವ ಮಾತನ್ನು ನಂಬಬೇಕೆಂಬುದೇ ಜನರಿಗೆ ತೋಚದೆ ಹೋಯಿತು. ಗಂಜಾಮಿನ ಪಾಠವನ್ನು ೧೨೩ ವರ್ಷಗಳ ಮೇಲೆಯೂ ಪೂರ್ತಿಯಾಗಿ ಕಲಿತಿರಲಿಲ್ಲವೆನ್ನಬೇಕು.

ಅದೇ ಮೇ ೩ರಂದು ಕೇಂದ್ರ ಸರ್ಕಾರದವರು, ವೈದ್ಯ ವ್ಯಾಸಂಗವನ್ನು ಮುಗಿಸಿ ಆಸ್ಪತ್ರೆಯ ಅಭ್ಯಾಸದಲ್ಲಿದ್ದ ತರುಣರನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೊರೋನಾ ಸೇವೆಗೆ ನಿಯಮಿಸಬಹುದೆಂದೂ, ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಸೌಮ್ಯವಾದ ರೋಗವುಳ್ಳವರ ಆರೈಕೆಗೆ ಉಪಯೋಗಿಸಿಕೊಳ್ಳಬಹುದೆಂದೂ ಪ್ರಕಟಿಸಿದರು. ಚಾಮರಾಜನಗರದ ವೈದ್ಯಕೀಯ ಕಾಲೇಜಿಗೆ ೨೦೧೬ರಲ್ಲಿ ಸೇರಿದ ಮೊದಲನೆಯ ತಂಡದವರು ವ್ಯಾಸಂಗದ ಕೊನೆಯ ಘಟ್ಟವನ್ನು ಮುಟ್ಟಿದ್ದ ಕಾಲ ಅದು. ಪುಸ್ತಕದಲ್ಲಿ ಓದಿದ ಉಸಿರಾಟದ ವಿಷಯವು ಎದುರಿಗಿನ ಹಾಸಿಗೆಯ ಮೇಲೆ ಇರುವಾಗ, ಇಪ್ಪತ್ತಮೂರು ವರ್ಷದ ಕೈ ನಡುಗುವುದು ಸಹಜ. ದೇಶದಲ್ಲೆಲ್ಲ ಇಂತಹ ತರುಣ ತರುಣಿಯರು ನಡುಗುವ ಕೈಯಿಂದಲೇ ಕೆಲಸ ಮಾಡಿದರು.

ಆದರೆ ಕೆಲಸವು ಎಲ್ಲರ ದುಃಖಕ್ಕೂ ಮದ್ದೆಂದು ಹೇಳಿದರೆ ಅನ್ಯಾಯವಾದೀತು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರಿಗೆ ಕೊನೆಯ ದರ್ಶನವೂ ಸರಿಯಾಗಿ ದೊರೆಯಲಿಲ್ಲ. ತಂದೆತಾಯಿಗಳಿಬ್ಬರೂ ಇಲ್ಲವಾದ ಮಕ್ಕಳಿಗಾಗಿ ಕೇಂದ್ರ ಸರ್ಕಾರವು ಮೇ ೨೯ರಂದು ಪ್ರಕಟಿಸಿದ ಯೋಜನೆಯು, ಆ ಸಾವಿನ ದಿನಕ್ಕೆ ೧೮ ವರ್ಷ ತುಂಬದವರಿಗೆ ಮಾತ್ರ ಅನ್ವಯಿಸಿತು. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿಯು ಕಾಯಿದೆಯ ದೃಷ್ಟಿಯಲ್ಲಿ ದೊಡ್ಡವನು. ತಾನು ಸಂಪಾದಿಸದ ಅನ್ನದ ಮುಂದೆ ತಮ್ಮ ತಂಗಿಯರೊಡನೆ ಕುಳಿತಾಗ ಅವನು ಮಗುವೇ. ಕಡುಬಡತನದ ಮನೆಯಲ್ಲಿ ದುಡಿಯುವವರು ಸತ್ತರೆ ಒಂದು ಲಕ್ಷ ರೂಪಾಯಿಗಳನ್ನು ಕೊಡುವುದಾಗಿ ರಾಜ್ಯ ಸರ್ಕಾರವು ಜೂನ್ ತಿಂಗಳಿನಲ್ಲಿ ಸಾರಿದುದು ಅಂತಹವರಿಗೆ ಒಂದಿಷ್ಟು ಆಸರೆ. ಆದರೆ ಅವನ ದುಃಖವನ್ನು ಕುಳಿತು ಕೇಳುವವರೂ ಬೇಕಾಗಿದ್ದರು.

ಹಾಗೆ ಕೇಳುವ ಏರ್ಪಾಡುಗಳು ಈ ಮಹಾಮಾರಿಯ ಕಾಲದಲ್ಲಿಯೇ ಬೆಳೆದುದು ಸಮಾಧಾನದ ಸ್ವಲ್ಪ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೨೦ರಲ್ಲಿ ಫೋನಿನ ಮೂಲಕ ಮನಸ್ಸಿನ ಕಷ್ಟವನ್ನು ಕೇಳಲು ಪ್ರಾರಂಭಿಸಿದರು. ಅದೇ ಜುಲೈ ೨೧ರಂದು ಕೇಂದ್ರದ ವಿದ್ಯಾ ಇಲಾಖೆಯವರು ವಿದ್ಯಾರ್ಥಿಗಳಿಗಾಗಿ ಮನೋದರ್ಪಣ ಎಂಬುದನ್ನು ಏರ್ಪಡಿಸಿದರು. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ಸೇವೆಯು ೧೪೪೧೬ ಎಂಬ ಸಂಖ್ಯೆಯೊಡನೆ ದೇಶದಲ್ಲೆಲ್ಲ ಬಂದಿತು. ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಮನಸ್ಸಿನ ಬೇನೆಯನ್ನು ಹೇಳಿಕೊಳ್ಳುವುದು ನಾಚಿಕೆಯೆಂದು ಎಣಿಸುತ್ತಿದ್ದ ಸಮಾಜದಲ್ಲಿ, ಹೆಸರು ಕೇಳದೆ ಕಿವಿಗೊಡುವ ಒಂದು ಸ್ಥಳವಿರುವುದು ಅಲ್ಪವಾದುದಲ್ಲ.

೮

೨೦೨೧ರ ಜುಲೈ ೨೬ರಂದು ಕಾಲೇಜುಗಳು ಮತ್ತೆ ತೆರೆದುವು. ಒಂದು ಸಲವಾದರೂ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶವೆಂಬ ನಿಯಮವಿದ್ದಿತು. ಲಸಿಕೆಗೆ ಹಿರಿಯರು ಅನುಮಾನಿಸುತ್ತಿದ್ದ ಮನೆಗಳಲ್ಲಿ ಮಕ್ಕಳು ಮೊದಲು ತೋಳನ್ನು ಒಡ್ಡಿ ದಾರಿ ತೋರಿಸಿದುದೂ ಉಂಟು. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಜಗತ್ತಿನ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದರು. ಬಸ್ಸುಗಳು ತುಂಬಿದುವು, ಮುಖಗವಸುಗಳು ಮೂಲೆ ಸೇರಿದುವು, ಆ ದಿನಗಳ ಮಾತು ಬೇಡವಾಯಿತು.

ಬೇಡವಾಗುವುದು ಸಹಜವಾದರೂ ಹಿತವಲ್ಲ. ಪ್ಲೇಗಿನ ಕಾಲದ, ಇನ್‌ಫ್ಲುಯೆಂಜದ ಕಾಲದ ವಿದ್ಯಾರ್ಥಿಗಳು ಈ ಸೀಮೆಯಲ್ಲಿ ಏನನ್ನು ಅನುಭವಿಸಿದರೆಂಬುದನ್ನು ಬರೆದಿಟ್ಟಿದ್ದರೆ, ೨೦೨೦ರಲ್ಲಿ ಊರಿಗೆ ಬಂದ ಹುಡುಗನನ್ನು ಕಂಡು ಜಗಲಿಯಿಂದ ಏಳುವ ಮೊದಲು ಜನರು ಒಂದು ಕ್ಷಣ ಯೋಚಿಸುತ್ತಿದ್ದರೋ ಏನೋ. ಆ ದಿನಗಳಲ್ಲಿ ಕಾಲೇಜಿನಲ್ಲಿದ್ದವರು ಇಂದು ಉದ್ಯೋಗಗಳಲ್ಲಿಯೂ ಸಂಸಾರಗಳಲ್ಲಿಯೂ ಇದ್ದಾರೆ. ನೆನಪು ಇನ್ನೂ ಹಸಿಯಾಗಿದೆ. ಅವರ ದಿನಚರಿಗಳನ್ನೂ, ಸ್ನೇಹಿತರಿಗೆ ಬರೆದ ಮಾತುಗಳನ್ನೂ ಊರೂರಿನಿಂದ ಕೂಡಿಸಿಡುವುದು ಜಿಲ್ಲೆಯ ಸಾಹಿತ್ಯ ಸಂಘಗಳಿಗೂ ಕಾಲೇಜುಗಳಿಗೂ ತಕ್ಕ ಕೆಲಸ. ಮುಂದೆ ಇನ್ನೊಂದು ಮಾರಿಯು ಬಂದಾಗ, ದೂರದಿಂದ ಮನೆಗೆ ಬಂದ ಮಕ್ಕಳಿಗೆ ಮೊದಲು ಒಂದು ಲೋಟ ನೀರನ್ನೂ, ಬಳಿಕ ನಿಜವಾದ ಸುದ್ದಿಯನ್ನೂ, ಅದರ ಬಳಿಕ ಅವರ ಕೈಗೆ ತಕ್ಕ ಒಂದು ಕೆಲಸವನ್ನೂ ಕೊಡಬೇಕೆಂಬಷ್ಟನ್ನು ಆ ಬರಹಗಳಿಂದ ಕಲಿತರೂ ಸಾಕು.